ಒಂದು ಸಲ ಸವರಿದರೆ ಸಾಕು

ಇಪ್ಪತ್ತೆರಡು ವರ್ಷ ಒಂದೇ ಮೇಜಿನ ಮುಂದೆ ನಿಂತು ಪರದೆಯ ಬಟ್ಟೆ ಕತ್ತರಿಸಿದವಳನ್ನು ಅಂಗಡಿಯವರೆಲ್ಲ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ಆದರೆ ಮೂರು ತಿಂಗಳಿಂದ ಕತ್ತರಿ ಅವಳ ಕೈಯಲ್ಲಿ ಇರುತ್ತಿತ್ತೇ ಹೊರತು ಬಟ್ಟೆಗೆ ಇಳಿಯುತ್ತಿರಲಿಲ್ಲ. ಬಟ್ಟೆ ಹಾಸುವಳು, ಸವರುವಳು, ಅಳೆಯುವಳು, ಮತ್ತೆ ಸವರುವಳು, ಮತ್ತೆ ಅಳೆಯುವಳು. ಹೊಲಿಯುವವರು ಮೂವರು ಯಂತ್ರದ ಮುಂದೆ ಕೈಕಟ್ಟಿ ಕೂತು ಆಕಳಿಸುತ್ತಿದ್ದರು.

ಆದದ್ದು ಇಷ್ಟೇ. ಊರಿನ ನಾಟಕ ಮಂದಿರಕ್ಕೆ ಹತ್ತು ತುಂಡಿನ ಮಖಮಲ್ಲಿನ ಪರದೆ ಬೇಕಾಗಿತ್ತು. ಮಖಮಲ್ಲಿಗೆ ನವಿರು ಇರುತ್ತದೆ, ಬೆಕ್ಕಿನ ಬೆನ್ನಿನ ಹಾಗೆ. ಒಂದು ಕಡೆಗೆ ಸವರಿದರೆ ನುಣುಪು, ಎದುರು ಸವರಿದರೆ ಅಂಗೈಗೆ ತಡೆ. ಹತ್ತೂ ತುಂಡಿನ ನವಿರು ಒಂದೇ ಕಡೆಗೆ ಮಲಗಿರಬೇಕು. ಒಂದು ತುಂಡು ತಲೆಕೆಳಗಾದರೂ ದೀಪ ಬಿದ್ದಾಗ ಅದೊಂದೇ ಬೇರೆ ಬಣ್ಣಕ್ಕೆ ತಿರುಗಿ ಗುಟ್ಟು ರಟ್ಟು ಮಾಡುತ್ತದೆ. ಬೇರೆ ಅಂಗಡಿಗಳಲ್ಲಿ ಬಟ್ಟೆಯ ಬೆನ್ನಿಗೆ ಗುರುತು ಹಾಕುತ್ತಾರಂತೆ. ನಮ್ಮ ಕತ್ತರಿಯಕ್ಕನಿಗೆ ಅಂಗೈಯೇ ಗುರುತು. ಆ ದಿನ ಏಳನೆಯ ತುಂಡನ್ನು ಮಡಚುವಾಗ ಫೋನು ಬಂತು, ಮಾತಾಡುತ್ತ ಮಡಚಿದಳು, ತುಂಡು ತಲೆಕೆಳಗಾಯಿತು. ಉದ್ಘಾಟನೆಯ ಸಂಜೆ ಆರುನೂರು ಜನರ ಮುಂದೆ ದೀಪ ಹತ್ತಿದಾಗ ಪರದೆಯ ನಡುವೆ ಹುಳುಕು ಹಲ್ಲಿನಂತೆ ಏಳನೆಯ ತುಂಡು ಎದ್ದು ಕಂಡಿತು. ಹಿಂದಿನ ಸಾಲಿನಲ್ಲಿ ಯಾರೋ "ತೇಪೆ ಹಾಕವ್ರೆ ನೋಡ್ರೋ" ಅಂದರು. ಜನ ನಕ್ಕರು.

ಮರುದಿನ ಬೆಳಿಗ್ಗೆ ಹೊಲಿಗೆ ಬಿಚ್ಚಿ, ತುಂಡನ್ನು ತಿರುಗಿಸಿ, ಮಧ್ಯಾಹ್ನದೊಳಗೆ ಮತ್ತೆ ಹೊಲಿದು ತೂಗುಹಾಕಿದ್ದೂ ಆಯಿತು. ನಾಟಕ ಮಂದಿರದವರು ಮರೆತರು. ನಕ್ಕವರಂತೂ ಮನೆಗೆ ಹೋಗುವ ದಾರಿಯಲ್ಲೇ ಮರೆತರು. ಮರೆಯದೆ ಉಳಿದವಳು ಒಬ್ಬಳೇ. ಯಾಕೆ ಫೋನು ತೆಗೆದೆ? ಯಾಕೆ ಇನ್ನೊಂದು ಸಲ ಸವರಲಿಲ್ಲ? ವಯಸ್ಸಾಯಿತೇ? ಮುಂಚೆಯೂ ಹೀಗೆ ಮಾಡಿ ಯಾರಿಗೂ ಗೊತ್ತಾಗದೆ ಹೋಗಿದೆಯೇ? ಅಂಗಡಿಯ ಮೆಟ್ಟಿಲು ಹತ್ತುವಾಗ ಶುರುವಾದ ಯಾಕೆ ಸಂಜೆ ಪಾತ್ರೆ ತೊಳೆಯುವವರೆಗೂ ಮುಗಿಯುತ್ತಿರಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅವಳು ತನಗಾಗಿಯೇ ಮಾಡಿಸಿಟ್ಟದ್ದು ಎಂದುಕೊಂಡಿದ್ದಳು.

ಗಂಡ ಲಿಫ್ಟ್ ರಿಪೇರಿಯವನು. ಕೆಟ್ಟದ್ದನ್ನೆಲ್ಲ ಒಂದು ಗುಂಡಿ ಒತ್ತಿ ಸರಿಮಾಡಬಹುದೆಂದು ನಂಬಿದ ಪ್ರಾಣಿ. "ಅದನ್ನ ಯೋಚ್ನೆ ಮಾಡ್ಬೇಡ, ಬಿಟ್ಬಿಡು" ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದ. ಮದ್ದು ಕುಡಿಯುವಾಗ ಮಂಗನನ್ನು ನೆನೆಯಬೇಡ ಎಂದ ಹಾಗಾಯಿತು. ಅವನು ಹೇಳಿದಷ್ಟು ಸಲ ಏಳನೆಯ ತುಂಡು ಇನ್ನಷ್ಟು ಸ್ಪಷ್ಟವಾಗಿ ಕಣ್ಣ ಮುಂದೆ ಜೋತಾಡುತ್ತಿತ್ತು.

ಮಾಲೀಕರು ಕೆಟ್ಟವರೇನಲ್ಲ. ಇಸ್ತ್ರಿ ತಿಕ್ಕುತ್ತ ಶುರುಮಾಡಿ ಅಂಗಡಿ ಕಟ್ಟಿದವರು. ಆದರೆ ಕೆಲಸ ರಾಶಿ ಬಿದ್ದಾಗ ಒಳ್ಳೆಯವರೂ ಗಂಟಲು ಸರಿಮಾಡಿಕೊಳ್ಳಲೇಬೇಕಾಗುತ್ತದೆ.

"ಅಕ್ಕಾ, ಇನ್ನು ಎರಡು ವಾರಕ್ಕೆ, ಶುಕ್ರವಾರ, ಮಖಮಲ್ಲು ಬರುತ್ತೆ. ಸಂಗೀತ ಸಭಾಂಗಣದ್ದು. ಹದಿನಾರು ತುಂಡು. ನೀವು ಕತ್ತರಿಸಿದ್ರೆ ನನಗೆ ಸಂತೋಷ. ಆಗಲ್ಲ ಅಂದ್ರೆ ಹೇಳಿಬಿಡಿ, ಹೊರಗಿಂದ ಒಬ್ಬರನ್ನ ಕರೆಸ್ತೀನಿ."

"ಆಮೇಲೆ ನಾನು?"

"ನೀವೆಲ್ಲಿಗೆ ಹೋಗ್ತೀರಿ? ಗುಂಡಿ ತಾತನ ಪಕ್ಕ ಕೂತು ಕೊಕ್ಕೆ ಹಾಕಿ. ಆರಾಮದ ಕೆಲಸ."

ಗುಂಡಿ ತಾತ ಎಂದರೆ ಮೂಲೆಯಲ್ಲಿ ಕೂತು ಪರದೆಗೆ ಗುಂಡಿ, ಕೊಕ್ಕೆ ಹಾಕುವ ಮುದುಕ. ಒಳ್ಳೆಯ ಮನುಷ್ಯ, ಅವನ ಪಕ್ಕದ ಸ್ಟೂಲೂ ಒಳ್ಳೆಯದೇ. ಆದರೆ ಕತ್ತರಿ ಮೇಜಿನಿಂದ ಆ ಸ್ಟೂಲಿಗೆ ಇಳಿದವರು ಮತ್ತೆ ಮೇಲೇರಿದ್ದನ್ನು ಆ ಅಂಗಡಿ ಕಂಡಿರಲಿಲ್ಲ. ಕತ್ತರಿಯಕ್ಕ ತಲೆಯಾಡಿಸಿ ಮನೆಗೆ ಬಂದಳು.

ಮನೆಯಲ್ಲಿ ಅತ್ತೆ. ಇಪ್ಪತ್ತೆಂಟು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದ ಹೆಂಗಸು. ನಿವೃತ್ತಿಯಾಗಿ ಹದಿನಾರು ವರ್ಷವಾದರೂ ಅಡುಗೆಮನೆಯ ಬಾಗಿಲಲ್ಲಿ ಯಾರಾದರೂ ನಿಂತರೆ "ಒಳಗೆ ಹೋಗಿ, ದಾರಿ ಬಿಡಿ" ಎಂದು ಗದರುವವರು. ಸೊಸೆ ಒಂದೇ ತಟ್ಟೆಯನ್ನು ಹತ್ತು ನಿಮಿಷದಿಂದ ಉಜ್ಜುತ್ತಿರುವುದನ್ನು ನೋಡುತ್ತ ಕೂತಿದ್ದರು.

"ಪಾಪ, ಆ ತಟ್ಟೆ ಏನಮ್ಮಾ ತಪ್ಪು ಮಾಡ್ತು?"

ಅಷ್ಟು ಸಾಕಾಯಿತು. ಸೊಸೆ ನಲ್ಲಿ ನಿಲ್ಲಿಸುವುದನ್ನೂ ಮರೆತು ಅತ್ತಳು. ಅಳುತ್ತಲೇ ಪರದೆ, ಫೋನು, ನಗು, ಮಾಲೀಕರ ಮಾತು, ಸ್ಟೂಲು ಎಲ್ಲ ಹೇಳಿದಳು. ಅತ್ತೆ ಎದ್ದು ನಲ್ಲಿ ನಿಲ್ಲಿಸಿದರು.

"ಹಸು ಮೆಲುಕು ಹಾಕಿದ್ರೆ ಹಾಲಾದ್ರೂ ಬರುತ್ತೆ. ನೀನು ಮೂರು ತಿಂಗಳಿಂದ ಮೆಲುಕು ಹಾಕ್ತಿದೀಯ. ಒಂದು ಲೋಟ ಆದ್ರೂ ಬಂತಾ?"

ಅಳುವವಳಿಗೆ ನಗು ಬಂದು ಮೂಗಿನಿಂದ ವಿಚಿತ್ರ ಸದ್ದಾಯಿತು.

"ನಗಬೇಡ, ನನಗೂ ಆಗಿತ್ತು," ಎಂದು ಅತ್ತೆ ಕುರ್ಚಿ ಎಳೆದುಕೊಂಡರು. "ಒಬ್ಬ ಅಜ್ಜಿ ಇನ್ನೂ ಪೂರ್ತಿ ಇಳಿದಿರ್ಲಿಲ್ಲ, ನಾನು ಗಂಟೆ ಹೊಡೆದೆ. ಬಿದ್ದು ಅವರ ಮಣಿಕಟ್ಟು ಮುರೀತು. ಒಂದು ವರ್ಷ ನಾನು ಬಸ್ಸಲ್ಲಿ ಇದ್ದದ್ದು ಮೈ ಮಾತ್ರ. ತಲೆ ಅದೇ ಸ್ಟಾಪಲ್ಲಿ ನಿಂತಿತ್ತು. ಯಾಕೆ ಹೊಡೆದೆ, ಯಾಕೆ ಹೊಡೆದೆ. ಕೊನೆಗೆ ನಮ್ಮ ಡ್ರೈವರ್ ಹೇಳಿದ: ಯಾಕೆ ಅಂತ ಕೇಳಿದ್ರೆ ಇನ್ನೊಂದು ಯಾಕೆ ಸಿಗುತ್ತೆ ಕಣಮ್ಮಾ. ನಾಳೆ ಗಂಟೆ ಹೊಡೆಯೋ ಮುಂಚೆ ಏನು ಮಾಡ್ತೀಯ, ಅದನ್ನ ಕೇಳ್ಕೋ ಅಂತ."

"ಏನು ಮಾಡಿದ್ರಿ?"

"ಬಾಗಿಲು ನೋಡ್ತಿದ್ದೆ. ಒಂದು ಸಲ. ಆಮೇಲೆ ಗಂಟೆ."

"ಒಂದೇ ಸಲ? ಎರಡು ಸಲ ನೋಡೋದು ಒಳ್ಳೇದಲ್ವಾ ಅತ್ತೆ?"

"ಎರಡು ಸಲ ನೋಡಿದವಳಿಗೆ ಮೂರನೇ ಸಲ ನೋಡ್ಬೇಕು ಅನ್ಸುತ್ತೆ. ಆಮೇಲೆ ಬಸ್ಸು ಹೊರಡೋದೇ ಇಲ್ಲ, ನಿನ್ನ ಕತ್ತರಿ ಹಾಗೆ."

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅನ್ನುತ್ತಾರೆ. ಮುಂದಿನ ಎರಡು ವಾರ ಪೂರ್ತಿ ಅತ್ತೆಯ ಕಾಲ. ಮೊದಲನೆಯದಾಗಿ ಚಿಂತೆಗೆ ವೇಳಾಪಟ್ಟಿ ಬಂತು. ಸಂಜೆ ಐದರಿಂದ ಐದೂಕಾಲು, ಮನೆಯ ಹೊರಗಿನ ಮೆಟ್ಟಿಲ ಮೇಲೆ ಕೂತು, ಎಷ್ಟು ಬೇಕಾದರೂ ಚಿಂತೆ ಮಾಡಬಹುದು. ಬೇರೆ ಹೊತ್ತಿನಲ್ಲಿ ಏಳನೆಯ ತುಂಡು ತಲೆಗೆ ಬಂದರೆ ಓಡಿಸುವ ಹಾಗಿಲ್ಲ, ಜಗಳವಾಡುವ ಹಾಗಿಲ್ಲ. "ಐದು ಗಂಟೆಗೆ ಬಾ" ಎಂದು ಹೇಳಿ ಕೈಯಲ್ಲಿರುವ ಕೆಲಸಕ್ಕೆ ಮರಳಬೇಕು. ಅವಳಿಗೆ ಇದು ಮಕ್ಕಳಾಟ ಅನ್ನಿಸಿತು. ಮೊದಲ ದಿನ ಐವತ್ತು ಸಲ ಹೇಳಬೇಕಾಯಿತು, ತುಟಿ ಅಲ್ಲಾಡಿದ್ದನ್ನು ಕಂಡು ಗುಂಡಿ ತಾತ ಅವಳು ಜಪ ಮಾಡುತ್ತಿದ್ದಾಳೆ ಎಂದುಕೊಂಡ. ನಾಲ್ಕನೆಯ ದಿನ ಇಪ್ಪತ್ತು ಸಲಕ್ಕೆ ಇಳಿಯಿತು.

ಮೆಟ್ಟಿಲ ಮೇಲಿನ ಕಾಲು ಗಂಟೆಯಂತೂ ನೋಡುವ ಹಾಗಿತ್ತು. ಅತ್ತೆ ಅಡುಗೆಮನೆಯ ಗಡಿಯಾರ ಹಿಡಿದು ಎದುರಿಗೇ ಕೂರುತ್ತಿದ್ದರು. ಐದನೆಯ ದಿನ ಎಂಟು ನಿಮಿಷಕ್ಕೇ ಸೊಸೆ ಏಳಲು ಹೋದಳು.

"ಎಲ್ಲಿಗೆ? ಇನ್ನೂ ಏಳು ನಿಮಿಷ ಇದೆ. ಚಿಂತೆ ಮಾಡು."

"ಮುಗೀತು ಅತ್ತೆ. ಅದದೇ ಬರ್ತಿದೆ. ಬೇಜಾರು."

"ಬೇಜಾರಾದ್ರೂ ಮಾಡು. ನಾನೇನು ಸುಮ್ನೆ ಕೂತಿದೀನಾ ಇಲ್ಲಿ?"

ತನ್ನ ಚಿಂತೆ ಬೇಜಾರು ತರಿಸುವಷ್ಟು ಹಳಸಲು ಎಂದು ಅವಳಿಗೆ ಗೊತ್ತಾದದ್ದು ಆ ಏಳು ನಿಮಿಷದಲ್ಲಿ. ಹದಿನೈದು ನಿಮಿಷದ ಕೊನೆಗೆ ಅತ್ತೆ ಒಂದೇ ಪ್ರಶ್ನೆ ಕೇಳುತ್ತಿದ್ದರು: "ಸರಿ, ಮುಂದೇನು?" ಮೂರು ತಿಂಗಳ ಯಾಕೆಗಳು ಕೊಡದ ಉತ್ತರ ಆ ಪ್ರಶ್ನೆಗೆ ಒಂದು ಸಂಜೆ ತಾನಾಗಿ ಬಂತು. ಒಂದು ಸಲ ಸವರುವುದು, ನವಿರು ಮಲಗಿದ ಕಡೆಗೆ ಬಟ್ಟೆಯ ಬೆನ್ನಿನ ಮೇಲೆ ಸೀಮೆಸುಣ್ಣದಲ್ಲಿ ಬಾಣದ ಗುರುತು ಎಳೆಯುವುದು, ಕತ್ತರಿಸುವುದು. ಮಡಚುವಾಗ ಫೋನು ಬಂದರೂ ಬಾಣ ಸುಳ್ಳು ಹೇಳುವುದಿಲ್ಲ. ಇಷ್ಟು ಸುಲಭವೇ ಎಂದು ಅವಳಿಗೆ ಸಿಟ್ಟೇ ಬಂತು.

ಆದರೆ ಗೊತ್ತಾಗುವುದು ಬೇರೆ, ಕೈ ಆಡುವುದು ಬೇರೆ. "ಮನಸ್ಸು ಸರಿಯಾದ ಮೇಲೆ ಕತ್ತರಿಸ್ತೀನಿ ಅತ್ತೆ" ಅಂದಳು.

"ಮನಸ್ಸು ಸರಿಯಾಗ್ಲಿ ಅಂತ ಕಾದಿದ್ರೆ ನಾನು ಒಂದು ದಿನಾನೂ ಬಸ್ಸು ಹತ್ತುತಿರ್ಲಿಲ್ಲ. ನೀನು ಕತ್ತರಿಸು. ಮನಸ್ಸು ಹಿಂದಿಂದ ಓಡಿ ಬಂದು ಹತ್ಕೊಳ್ಳುತ್ತೆ."

ಹೀಗೆ ಕತ್ತರಿಸಲೆಂದು ಮನೆಯ ಹಳೆಯ ಹೊದಿಕೆಗಳು ಹೊರಬಂದವು. ಮೊದಲ ದಿನ ಒಂದೇ ಒಂದು ಒರೆಸುವ ಬಟ್ಟೆ. ಮರುದಿನ ಮೂರು. ಆಮೇಲೆ ದಿಂಬಿನ ಗವಸು, ಕಿಟಕಿ ಪರದೆ, ಚೀಲ. ವಾರ ಕಳೆಯುವುದರಲ್ಲಿ ಇಡೀ ಕಟ್ಟಡದ ಮನೆಗಳಿಗೆಲ್ಲ ಒರೆಸುವ ಬಟ್ಟೆ ಹಂಚಿಕೆಯಾಗಿ, ಗಂಡನ ಒಳ್ಳೆಯ ಪೈಜಾಮವೊಂದು ಕಾಣೆಯಾಗಿತ್ತು. ಅವನು ಹುಡುಕಿ ಹುಡುಕಿ, ಎದುರುಮನೆಯವರು ಅದರಲ್ಲಿ ಬಾಗಿಲು ಒರೆಸುತ್ತಿದ್ದುದನ್ನು ಕಂಡು ಬಾಯಿ ಮುಚ್ಚಿಕೊಂಡು ಬಂದ. ಹೆಂಡತಿ ಬಟ್ಟೆ ಕತ್ತರಿಸುತ್ತ ಗುನುಗುತ್ತಿದ್ದುದು ಅವನ ಕಿವಿಗೂ ಬಿದ್ದಿತ್ತು.

ಎಲ್ಲವೂ ಹೀಗೆ ಸಲೀಸಾಗಿ ಏರುತ್ತ ಹೋಯಿತು ಎಂದರೆ ನಂಬಬೇಡಿ. ಒಂಬತ್ತನೆಯ ದಿನ ನಾಟಕ ಮಂದಿರದ ವ್ಯವಸ್ಥಾಪಕರು ಯಾವುದೋ ಮೇಜುಬಟ್ಟೆಗಾಗಿ ಅಂಗಡಿಗೆ ಬಂದರು. ಪರದೆಯ ಮಾತೇ ಎತ್ತಲಿಲ್ಲ. ಅವಳನ್ನು ನೋಡಿ ನಕ್ಕರು, ಅಷ್ಟೆ. ಆ ನಗುವಿನ ಅರ್ಥವೇನು ಎಂದು ಅವಳು ಸಂಜೆಯ ತನಕ ಅಗೆದಳು. ಮೆಟ್ಟಿಲ ಮೇಲೆ ಕೂತವಳು ಗಡಿಯಾರ ಹೊಡೆದರೂ ಏಳಲಿಲ್ಲ.

"ಇಷ್ಟು ದಿನದ ಕೆಲಸ ನೀರಲ್ಲಿ ಹೋಮ ಆಯ್ತು ಅತ್ತೆ. ನಾನು ಸರಿಹೋಗಲ್ಲ."

"ಓವರ್‌ಟೈಮ್ ಇಲ್ಲ. ಏಳು. ಚಪ್ಪಲಿ ಹಾಕ್ಕೋ."

ಅತ್ತೆ ಅವಳನ್ನು ರಸ್ತೆಗೆ ಎಳೆದುಕೊಂಡು ಹೋದರು. ಮಂಡಿ ನೋವಿನ ಮುದುಕಿ ಮುಂದೆ, ಸೊಸೆ ಹಿಂದೆ, ಬ್ಲಾಕಿಗೆ ಮೂರು ಸುತ್ತು, ಬಿರುಸಾಗಿ. ನಡೆಯುತ್ತ ಕಂಡದ್ದನ್ನು ಬಾಯಿಬಿಟ್ಟು ಹೇಳಬೇಕು ಎಂಬುದು ಅಪ್ಪಣೆ. ಕೆಂಪು ಬಾಗಿಲು. ಒಣಗಲು ಹಾಕಿದ ಕಂಬಳಿ. ಸೈಕಲ್ಲಿಗೆ ಗಾಳಿ ಹೊಡೆಯುತ್ತಿರುವವನು. ಎರಡನೆಯ ಸುತ್ತಿಗೆ ದಮ್ಮು ಕಟ್ಟಿ ಚಿಂತೆಗೆ ಉಸಿರೇ ಉಳಿಯಲಿಲ್ಲ. ಮೂರನೆಯದಕ್ಕೆ ಅತ್ತೆಯೇ ಕುಂಟತೊಡಗಿದ್ದರಿಂದ ಸೊಸೆ ಅವರನ್ನು ಹಿಡಿದು ನಡೆಸಿದಳು. ಮಾರನೆಯ ದಿನ ಅವಳು ಅಂಗಡಿಯಲ್ಲಿ ನಾಲ್ಕು ಹತ್ತಿಯ ಪರದೆ ಕತ್ತರಿಸಿದಳು. ಮಾಲೀಕರೂ ಅದನ್ನು ನೋಡಿದರು. ಆದರೂ ಹೊರಗಿನವರಿಗೆ ಶುಕ್ರವಾರ ಮೂರು ಗಂಟೆಗೆ ಬರಹೇಳಿದ್ದರು ಎಂಬ ಸುದ್ದಿ ಗುಂಡಿ ತಾತನಿಂದ ಬಂತು.

ಶುಕ್ರವಾರ ಬೆಳಿಗ್ಗೆ ಇಬ್ಬರು ಹೊತ್ತು ತಂದ ಸುರುಳಿ ಮೇಜಿನ ಮೇಲೆ ಬಿತ್ತು. ಕಡುನೇರಳೆ ಮಖಮಲ್ಲು, ಬಾವಿಯ ನೀರಿನಷ್ಟು ಕಪ್ಪು. ಮಾಲೀಕರು ಗೋಡೆಗೆ ಒರಗಿ ನಿಂತರು. ಹೊಲಿಯುವವರು ದಾರ ಪೋಣಿಸುವ ನಟನೆ ಮಾಡಿದರು. ಕತ್ತರಿಯಕ್ಕ ಸವರಿದಳು, ಒಂದು ಸಲ. ಬಾಣ ಎಳೆದಳು. ಕತ್ತರಿಸಿದಳು.

ಆರು ತುಂಡು ಸರಾಗವಾಗಿ ಹೋದವು. ಏಳನೆಯದಕ್ಕೆ ಕೈ ನಿಂತಿತು. ಆರುನೂರು ಜನರ ನಗು ಕಿವಿಗೆ ಬಂತು. "ಐದು ಗಂಟೆಗೆ ಬಾ" ಎಂದಳು, ಗಟ್ಟಿಯಾಗಿಯೇ. ಹೊಲಿಯುವವನೊಬ್ಬ ತನಗೇ ಹೇಳಿದ್ದೆಂದು "ಆಯ್ತಕ್ಕಾ" ಅಂದ. ಹೆದರಿಕೆ ಹೋಗಲಿಲ್ಲ. ಹೆದರಿಕೆ ಇದ್ದ ಹಾಗೆಯೇ ಅವಳು ಕತ್ತರಿಯನ್ನು ಬಟ್ಟೆಗೆ ಇಳಿಸಿದಳು. ಏಳನೆಯದು ಮುಗಿಯಿತು, ಎಂಟು, ಒಂಬತ್ತು, ಹತ್ತು.

ಹತ್ತನೆಯ ತುಂಡಿಗೆ ಸುರುಳಿಯ ಮೊದಲ ಉದ್ದದ ಬಟ್ಟೆ ಮುಗಿದು, ಅದೇ ಕೊಳವೆಗೆ ಸುತ್ತಿದ್ದ ಎರಡನೆಯ ಉದ್ದ ಶುರುವಾಯಿತು. ಅವಳು ಸವರಿದಳು. ಕೈ ನಿಂತಿತು. ಆದರೆ ಈ ಸಲ ಎದೆಯಲ್ಲಿ ಹೆದರಿಕೆ ಇರಲಿಲ್ಲ. ತಡೆ ಇದ್ದದ್ದು ಅಂಗೈಯಲ್ಲಿ.

"ಇದು ತಿರುಗಿದೆ," ಎಂದು ಕತ್ತರಿ ಕೆಳಗಿಟ್ಟಳು.

ಮಾಲೀಕರ ಮುಖ ಇಳಿಯಿತು. ಬಂದು ತಾವೂ ಸವರಿದರು. ಇಸ್ತ್ರಿಯ ಬಿಸಿಗೆ ನಲವತ್ತು ವರ್ಷ ಒಡ್ಡಿದ ಅಂಗೈ. ಅದಕ್ಕೆ ಮಖಮಲ್ಲೂ ಒಂದೇ ಗೋಣಿಯೂ ಒಂದೇ. "ಒಂದೇ ಥರ ಇದೆಯಲ್ಲ ಅಕ್ಕಾ. ಒಂದೇ ಸುರುಳಿ. ತಿರುಗೋಕೆ ಹೇಗಾಗುತ್ತೆ?"

"ಗಿರಣಿಯವರು ಎರಡನೇ ಉದ್ದಾನ ತಿರುಗಿಸಿ ಸುತ್ತಿದಾರೆ."

"ತಾತಾ, ನೀವು ನೋಡಿ."

ಗುಂಡಿ ತಾತ ಬಂದು ಸವರಿ, ಮಾಲೀಕರ ಮುಖ ನೋಡಿ, ಅಕ್ಕನ ಮುಖ ನೋಡಿ, ಹಾವೂ ಸಾಯದ ಕೋಲೂ ಮುರಿಯದ ಉತ್ತರ ಹುಡುಕಿ, "ಬಟ್ಟೆ ಒಳ್ಳೇದು" ಅಂದ.

ಮಾಲೀಕರು ದನಿ ತಗ್ಗಿಸಿದರು. "ಅಕ್ಕಾ, ಮತ್ತೆ ಶುರುವಾಯ್ತಾ? ಹತ್ತು ಮಾಡಿದ್ರಲ್ಲ, ಅದೇ ದೊಡ್ಡದು. ಬಿಡಿ, ಮಿಕ್ಕಿದ್ದನ್ನ ಅವರು ಬಂದು ಮಾಡ್ತಾರೆ. ಬೇಕಾದ್ರೆ ಇನ್ನೊಂದು ಸಲ ಮುಟ್ಟಿ ನೋಡಿ."

ಇನ್ನೊಂದು ಸಲ. ಮೂರು ತಿಂಗಳು ಅವಳನ್ನು ತಿಂದುಹಾಕಿದ ಮಾತು ಅದೇ. ಅಂಗೈ ತಾನಾಗಿಯೇ ಬಟ್ಟೆಯ ಕಡೆ ಹೊರಟಿತ್ತು. ಇದು ನನ್ನ ತಲೆಯ ಆಟವೇ, ಬಟ್ಟೆಯ ನಿಜವೇ? ಅವಳು ಒಂದು ಗಳಿಗೆ ನಿಂತು ಯೋಚಿಸಿದಳು. ಚಿಂತೆ ಮಾತಾಡುವುದೆಲ್ಲ ಹೋದ ಪರದೆಯ ಬಗ್ಗೆ, ಜನ ಏನಂದರು ಎಂಬುದರ ಬಗ್ಗೆ, ನೀನು ಎಂಥವಳು ಎಂಬುದರ ಬಗ್ಗೆ. ಅಂಗೈ ಮಾತಾಡಿದ್ದು ಈ ಮೇಜಿನ ಮೇಲೆ, ಈಗ ಇರುವ ಬಟ್ಟೆಯ ಬಗ್ಗೆ ಮಾತ್ರ. ಎರಡೂ ಬೇರೆ ದನಿ. ಇಷ್ಟು ದಿನ ಅವನ್ನು ಬಿಡಿಸಿ ಕೇಳಲು ಅವಳಿಗೆ ಬಂದಿರಲಿಲ್ಲ.

"ಮುಟ್ಟಲ್ಲ," ಅಂದಳು. "ಒಂದು ಸಲ ಸವರಿದೀನಿ, ಸಾಕು. ಹತ್ತನೇ ತುಂಡು ಮೇಲೆ ತೂಗುಹಾಕಿ. ಅದರ ಪಕ್ಕ ಈ ಬಟ್ಟೆಯ ತುದಿ ಎತ್ತಿ ಹಿಡೀರಿ, ಸುರುಳಿಯಿಂದ ಬಂದ ಹಾಗೇ. ದೀಪ ಹಾಕಿ."

ಕಡ್ಡಿ ಮುರಿದಂತೆ ಹೇಳಿದ್ದರಿಂದಲೋ ಏನೋ, ಯಾರೂ ಎದುರಾಡಲಿಲ್ಲ. ಹೊಲಿಯುವವರು ಇಬ್ಬರು ಏಣಿ ಹತ್ತಿದರು. ಮಾಲೀಕರು ಬಾಯಿಗೆ ಬಿಸಿತುಪ್ಪ ಬಿದ್ದವರಂತೆ ನಿಂತು, ಕೊನೆಗೆ ತಾವೇ ದೀಪ ಎತ್ತಿಕೊಂಡು ಬಂದು ಹಚ್ಚಿದರು.

ಎಡಗಡೆಯದು ಕಡುನೇರಳೆ. ಬಲಗಡೆಯದು ಬೂದಿ ಬೆರೆಸಿದ ಹಾಗೆ ಮಂಕು. ಎರಡರ ನಡುವೆ ಗೆರೆ ಎಳೆದಂತೆ ವ್ಯತ್ಯಾಸ ನಿಂತಿತ್ತು, ಕುರುಡನಿಗೂ ಕಾಣುವಷ್ಟು.

"ಆರು ತುಂಡು," ಎಂದರು ಮಾಲೀಕರು ಮೆಲ್ಲಗೆ. "ಆರು ತುಂಡು ತಲೆಕೆಳಗೆ ಹೋಗ್ತಿತ್ತು." ಗುಂಡಿ ತಾತ ಮೂಲೆಯಿಂದ "ನಾನು ಆಗಲೇ ಅಂದ್ಕೊಂಡೆ" ಎಂದ. ಹೊಲಿಯುವವರು ಮೂವರೂ ಒಟ್ಟಿಗೆ ನಕ್ಕರು, ಮೊದಲು ಚಪ್ಪಾಳೆ ತಟ್ಟಿದವರು ಯಾರೋ ಗೊತ್ತಿಲ್ಲ, ಆದರೆ ಮಾಲೀಕರೂ ತಟ್ಟುತ್ತಿದ್ದರು. ಕತ್ತರಿಯಕ್ಕನಿಗೆ ಹೆಮ್ಮೆಯಾಯಿತು. ಅದನ್ನು ಮುಚ್ಚಿಡುವ ಗೋಜಿಗೂ ಅವಳು ಹೋಗಲಿಲ್ಲ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬರು ಬಂದು ನಿಂತರು. ಬಗಲಲ್ಲಿ ಬಟ್ಟೆಯಲ್ಲಿ ಸುತ್ತಿದ ಕತ್ತರಿ. "ಕತ್ತರಿಸೋಕೆ ಬರಹೇಳಿದ್ರಂತೆ?"

ಮಾಲೀಕರ ಕಿವಿ ಕೆಂಪಾಯಿತು. "ಅದು... ಕ್ಷಮಿಸಿ, ಸುಮ್ನೆ ತೊಂದ್ರೆ ಕೊಟ್ಟೆ. ಇಲ್ಲಿ ಈಗ..."

"ಬರ್ಲಿ ಬಿಡಿ," ಎಂದಳು ಕತ್ತರಿಯಕ್ಕ. "ಬನ್ನಿ ಅಣ್ಣಾ, ಒಳ್ಳೆ ಹೊತ್ತಿಗೆ ಬಂದ್ರಿ. ಇನ್ನೂ ಆರು ತುಂಡಿದೆ, ಬಟ್ಟೆ ಭಾರ. ಆ ತುದಿ ಹಿಡ್ಕೊಳ್ಳಿ, ಇದನ್ನ ತಿರುಗಿಸಿ ಹಾಸೋಣ."

ಬಂದವರು ಮಾಲೀಕರ ಮುಖ ನೋಡಿದರು. ಮಾಲೀಕರು ಕತ್ತರಿಯಕ್ಕನ ಮುಖ ನೋಡಿ, "ಮೇಜು ಅವರದು, ಅವರು ಹೇಳಿದ ಹಾಗೆ" ಎಂದರು. ಬಂದವರು ತಮ್ಮ ಕತ್ತರಿಯನ್ನು ಗುಂಡಿ ತಾತನ ಪಕ್ಕದ ಸ್ಟೂಲಿನ ಮೇಲಿಟ್ಟು, ತೋಳು ಮಡಚಿ, ಬಟ್ಟೆಯ ತುದಿ ಹಿಡಿದರು. ಅವಳು ಹನ್ನೊಂದನೆಯ ತುಂಡನ್ನು ಕತ್ತರಿಸಿದಳು.